ದೀಕ್ಷೆಯ ಅರ್ಜಿಯಲ್ಲಿ ತಂದೆಯ ಹೆಸರು

(ಚಂದಾಪುರದಲ್ಲಿ ನಡೆದ ತಿಂಗಳ ಅನುಭಾವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಶರಣರು ಕಂಡ ಕುಟುಂಬ’. ಅದರ ಬಗ್ಗೆ ಮಾತನಾಡುವ ಮೊದಲು ನನ್ನದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು.

ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಒಂದೇ ಮನೆಯಲ್ಲಿದ್ದಾರೆ. ಇಬ್ಬರಿಗೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಒಬ್ಬಾಕೆ ಉತ್ತರ ಕರ್ನಾಟಕದ ಲಿಂಗಾಯತ ಮನೆತನದವರು. ಅವರು ಅಕ್ಕತಂಗಿಯರಲ್ಲ, ಬಾಡಿಗೆ ಹಂಚಿಕೊಂಡ ಗೆಳತಿಯರೂ ಅಲ್ಲ, ಬಾಳಸಂಗಾತಿಗಳು. ಕಾನೂನಿನ ಪ್ರಕಾರ ದತ್ತು ಪಡೆದ ಐದು ವರ್ಷದ ಮಗಳಿದ್ದಾಳೆ. ನನ್ನ ಮೊಮ್ಮಗನ ಜೊತೆ ಆಡುವ ಹುಡುಗಿ. ಹೋದ ವರ್ಷ ಆ ತಾಯಿ ನಮ್ಮ ಮನೆಗೆ ಬಂದು, “ಕಾಕಾ, ಮಗಳಿಗೆ ಲಿಂಗದೀಕ್ಷೆ ಮಾಡಸ್ಬೇಕರೀ. ನಮ್ಮವ್ವ ಇದ್ದಿದ್ರ ಆಕೀನ ಮಾಡಸ್ತಿದ್ಲು” ಎಂದರು. ನಮ್ಮ ಸಮಿತಿಯ ಅರ್ಜಿ ಕೊಟ್ಟೆ. ಅದರಲ್ಲಿ ‘ತಂದೆಯ ಹೆಸರು’ ಎಂಬ ಸಾಲಿತ್ತು. ಅವರು ಅದನ್ನು ಖಾಲಿ ಬಿಟ್ಟು ಕೊಟ್ಟರು. ಸಮಿತಿಯಲ್ಲಿ ಗುಸುಗುಸು ಆಯಿತು. ನಾನು ‘ನೋಡೋಣ’ ಎಂದು ಅರ್ಜಿಯನ್ನು ಡ್ರಾಯರಿಗೆ ಹಾಕಿದೆ. ಸರ್ಕಾರಿ ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಕಡತ ಮಲಗಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಆಮೇಲೆ ಮಳೆಗಾಲದ ಒಂದು ರಾತ್ರಿ ಆ ಮಗುವಿಗೆ ಜ್ವರ ಏರಿತು. ದತ್ತು ಪಡೆದ ತಾಯಿ ಕಂಪನಿ ಕೆಲಸಕ್ಕೆ ಪುಣೆಗೆ ಹೋಗಿದ್ದರು. ಇನ್ನೊಬ್ಬಾಕೆ ಮಗುವನ್ನು ಎತ್ತಿಕೊಂಡು ಒಂದು ಆಸ್ಪತ್ರೆಗೆ ಓಡಿದರು. ದಾಖಲು ಮಾಡುವಾಗ ಕೇಳಿದರಂತೆ: “ನೀವು ಮಗುವಿಗೆ ಏನಾಗಬೇಕು?” ಕಾಗದದ ಮೇಲೆ ಆಕೆ ಏನೂ ಆಗಬೇಕಿಲ್ಲ. ನನಗೆ ಫೋನ್ ಬಂತು. ಹೋದೆ. ‘ತಾತ’ ಎಂದು ಸುಳ್ಳು ಹೇಳಿ ಸಹಿ ಮಾಡಿದೆ. ನಾಲ್ಕು ವರ್ಷ ಉಣಿಸಿ ಮಲಗಿಸಿದವಳ ಸಹಿ ನಡೆಯಲಿಲ್ಲ, ನನ್ನ ಸುಳ್ಳು ನಡೆಯಿತು. ಮಗು ಗುಣವಾಯಿತು. ನನಗೆ ಮಾತ್ರ ಅಂದಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಸ್ಥಳ ತನಿಖೆ ಮಾಡದೆ ವರದಿ ಬರೆಯಬಾರದು ಎಂದು ಕಿರಿಯ ಎಂಜಿನಿಯರುಗಳಿಗೆ ಹೇಳುತ್ತಿದ್ದವನು ನಾನು. ಆದ್ದರಿಂದ ಕಾನೂನು ಓದಿದೆ. ಒಂಟಿ ಹೆಣ್ಣುಮಗಳು ದತ್ತು ಪಡೆಯಬಹುದು. ಇಬ್ಬರು ಸೇರಿ ಪಡೆಯಬೇಕಾದರೆ, 2022ರ ದತ್ತು ನಿಯಮಗಳ ಪ್ರಕಾರ, ಕನಿಷ್ಠ 2 ವರ್ಷದ ಸ್ಥಿರ ದಾಂಪತ್ಯ ಇರಬೇಕು. ಸಲಿಂಗ ಸಂಗಾತಿಗಳಿಗೆ ಮದುವೆಯೇ ಇಲ್ಲ, ದಾಂಪತ್ಯ ಎಲ್ಲಿಂದ ಬರಬೇಕು? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇವರ ಸಂಬಂಧ ಅಪರಾಧವಲ್ಲ ಎಂದಿತು. ಮದುವೆಯ ಪ್ರಶ್ನೆ 2023ರ ಅಕ್ಟೋಬರ್ 17ರಂದು ತೀರ್ಮಾನವಾಯಿತು: ಮದುವೆ ಮೂಲಭೂತ ಹಕ್ಕಲ್ಲ ಎಂದು ಐವರು ನ್ಯಾಯಮೂರ್ತಿಗಳೂ ಹೇಳಿದರು. ದತ್ತಿನ ವಿಷಯದಲ್ಲಿ ಮಾತ್ರ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಇವರ ಪರ ನಿಂತರು. ಉಳಿದ ಮೂವರು ಒಪ್ಪಲಿಲ್ಲ. ಆ ಮೊಕದ್ದಮೆಯ ಅರ್ಜಿದಾರರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇದ್ದರು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ಇದರ ಭಾರ ಬೀಳುವುದು ಮಗುವಿನ ಮೇಲೆ. ಎರಡನೆಯ ತಾಯಿ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಒಂದು ರೂಪಾಯಿಯ ಹಕ್ಕಿಲ್ಲ. ಮೊದಲ ತಾಯಿಗೆ ಏನಾದರೂ ಆದರೆ, ಇದುವರೆಗೆ ಮುಖ ನೋಡದ ನೆಂಟರು ಬಂದು ಮಗು ನಮ್ಮದು ಎನ್ನಬಹುದು. ಇಬ್ಬರೂ ಬೇಗ ಉಯಿಲು ಬರೆಸಿ ಎಂದು ಹೇಳಿದ್ದೇನೆ. ಕೇರಳದಲ್ಲಿ ಟ್ರಾನ್ಸ್‌ಜೆಂಡರ್ ದಂಪತಿಯೊಬ್ಬರು ಮಗುವಿನ ಜನನ ಪತ್ರದಲ್ಲಿ ತಂದೆ, ತಾಯಿ ಎಂದು ಬೇರೆ ಬೇರೆ ಬರೆಯದೆ ‘ಪೋಷಕರು’ ಎಂದು ಬರೆಯಿರಿ ಎಂದು ಹೈಕೋರ್ಟಿಗೆ ಹೋಗಿ 2025ರ ಜೂನ್‌ನಲ್ಲಿ ಗೆದ್ದರು. ಒಂದು ಕಾಲಂ ಅಷ್ಟೇ. ಕಾಲಮ್ಮಿನ ಬೆಲೆ ನಮಗಿಂತ ಯಾರಿಗೆ ಗೊತ್ತು? ಲಿಂಗಾಯತ ಎಂದು ಬರೆಯಲು ನಮಗೇ ಪ್ರತ್ಯೇಕ ಸಾಲು ಬೇಕೆಂದು ಬೀದಿಗಿಳಿದವರು ನಾವು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿದಾಗ ಸಿಹಿ ಹಂಚಿದವರಲ್ಲಿ ನಾನೂ ಒಬ್ಬ.

ಸರ್ಕಾರಿ ಕನ್ನಡದಲ್ಲಿ ಟ್ರಾನ್ಸ್‌ಜೆಂಡರ್ ಜನ ‘ಲಿಂಗತ್ವ ಅಲ್ಪಸಂಖ್ಯಾತರು’. ಲಿಂಗ ಎಂಬ ಮಾತು ನಮ್ಮ ಕಿವಿಗೆ ಬೇರೆಯೇ ಅರ್ಥದಲ್ಲಿ ಬೀಳುತ್ತದೆ, ಅದಿರಲಿ. ಬಸವಾದಿ ಶರಣರು ಸಲಿಂಗ ಸಂಗಾತಿಗಳ ಬಗ್ಗೆ ಬರೆದಿದ್ದಾರೆ ಎಂದು ನಾನು ಹೇಳಲಾರೆ. ಇಲ್ಲದ್ದನ್ನು ವಚನಕ್ಕೆ ಅಂಟಿಸುವುದು ಬೇಡ. ಆದರೆ ಒಳಗಿರುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದವರು ಜೇಡರ ದಾಸಿಮಯ್ಯನವರು. ಶರಣ ಸತಿ, ಲಿಂಗ ಪತಿ ಎನ್ನುವ ನಾವು, ಗಂಡಸರೂ ಸತಿಯರೇ ಎಂದು ಒಂಬೈನೂರು ವರ್ಷದಿಂದ ಹೇಳುತ್ತಾ ಬಂದಿದ್ದೇವೆ. ಗುರುವಿನ ಕೈಯಿಂದ ಲಿಂಗ ಪಡೆದವನು ಗುರುವಿನ ಕರಸಂಜಾತ. ರಕ್ತದಿಂದಲ್ಲ, ಅಂಗೈಯಿಂದ ಹುಟ್ಟಿದವನು ಎಂಬ ಮಾತು ಬರೀ ಮಠಾಧೀಶರ ಬಿರುದಾವಳಿಗಾಗಿ ಇದೆಯೇ?

‘ಅಪ್ಪ ಇಲ್ಲದೆ ಮಗು ಹೇಗೆ ಬೆಳೆಯುತ್ತದೆ?’ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಅವರು ಓದಿದ್ದು ಸಿದ್ಧಗಂಗೆಯಲ್ಲಿ. ಮದುವೆಯಾಗದ ಶಿವಕುಮಾರ ಸ್ವಾಮಿಗಳು ಎಷ್ಟು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು? ಆ ಮಕ್ಕಳೆಲ್ಲ ಅಡ್ಡದಾರಿ ಹಿಡಿದರೇ? ನಾನು ಹೀಗೆಂದಾಗ ಅವರು ನಕ್ಕು, “ಅದು ಬೇರೆ ಬಿಡಿ” ಎಂದರು. ಹೇಗೆ ಬೇರೆ ಎಂದು ಇನ್ನೂ ಹೇಳಿಲ್ಲ. ಅವರು ಇಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಪ್ರಸಾದದ ಹೊತ್ತಿಗೆ ಹೇಳಬಹುದು.

ಕಾನೂನು ಬದಲಾಯಿಸುವುದು ಸಂಸತ್ತಿನ ಕೆಲಸ. ಅದಕ್ಕೆ ನಮ್ಮ ಮಠಗಳು, ಬಸವ ಸಂಘಟನೆಗಳು ಮನವಿ ಕೊಡಬೇಕು ಎಂಬುದು ನನ್ನ ಬೇಡಿಕೆ. ದೀಕ್ಷೆಯ ಅರ್ಜಿಯನ್ನು ಬದಲಾಯಿಸಲು ಮಾತ್ರ ಯಾವ ಸಂಸತ್ತೂ ಬೇಕಿಲ್ಲ. ಆ ಅರ್ಜಿಯನ್ನು ಡ್ರಾಯರಿನಿಂದ ತೆಗೆದು ತಂದಿದ್ದೇನೆ. ‘ತಂದೆಯ ಹೆಸರು’ ಎಂಬುದಕ್ಕೆ ಗೆರೆ ಎಳೆದು ‘ಪೋಷಕರು’ ಎಂದು ಬರೆದಿದ್ದೇನೆ. ಇಬ್ಬರ ಹೆಸರೂ ಇದೆ. ಕೆಳಗೆ ಸಮಿತಿ ಸದಸ್ಯನಾಗಿ ನನ್ನ ಸಹಿ ಇದೆ, ಈ ಸಲ ತಾತನೆಂದು ಅಲ್ಲ. ಪೂಜ್ಯರು ಒಪ್ಪಿದರೆ ಮುಂದಿನ ತಿಂಗಳ ಗೋಷ್ಠಿಯ ದಿನ ಬೆಳಿಗ್ಗೆ ದೀಕ್ಷೆ ಆಗಲಿ. ಮಗು ಈಗಲೇ ವಿಭೂತಿ ಹಚ್ಚಿಕೊಳ್ಳುವುದನ್ನು ಕಲಿತಿದ್ದಾಳೆ, ಮೂಗಿನ ಮೇಲೂ ಹಚ್ಚಿಕೊಳ್ಳುತ್ತಾಳೆ.