ಉಗ್ರಾಣದ ಬೀಗವೂ ಲೆಕ್ಕದ ಕಡತವೂ



ಕುಮುದ್ವತಿಯ ನೀರು ಅಂಜನಾಪುರದ ಜಲಾಶಯದಲ್ಲಿ ನಿಂತು, ಕಾಲುವೆಗಳಲ್ಲಿ ಹರಿದು ಗದ್ದೆಗಳನ್ನು ತಣಿಸುವ ಸೀಮೆಯಿದು. ಬೆಳೆ ಬಂದಲ್ಲಿ ಕಣಜವುಂಟು. ಕಣಜವಿದ್ದಲ್ಲಿ ಅದನ್ನು ಕಾಯುವವನೂ ಅಳೆಯುವವನೂ ಉಂಟು. ಅಕ್ಕಿಯ ಗಿರಣಿ, ಅಡಿಕೆಯ ಮಂಡಿ, ಮಠದ ಉಗ್ರಾಣ ಇವೆಲ್ಲವೂ ಪರರ ಕೈಗೆ ಒಪ್ಪಿಸಿ ನಡೆಸತಕ್ಕ ಕಾರ್ಯಗಳು. ಒಪ್ಪಿಸಿದ ಕೈಯೇ ಕದಿಯದಂತೆ ಯಜಮಾನನು ಮೊದಲೇ ಮಾಡತಕ್ಕದ್ದೇನು ಎಂಬುದು ಇಂದಿನ ವಿಷಯ. ಇದು ಧರ್ಮಸಭೆಗೆ ಒಗ್ಗದ ಲೌಕಿಕ ವಿಚಾರವೆಂದು ಕೆಲವರಿಗೆ ತೋರಬಹುದು. ಆದರೆ ಕಲ್ಯಾಣದಲ್ಲಿ ಬಸವಣ್ಣನವರು ವಹಿಸಿದ್ದ ಅಧಿಕಾರವು ಭಂಡಾರದ್ದೇ ಎಂಬುದನ್ನು ನೆನೆದರೆ ಆ ಸಂದೇಹವು ನಿಲ್ಲದು.

ಭಂಡಾರಿಯಾದ ಬಸವಣ್ಣನವರ ಮೇಲೆಯೂ ದೂರು ಬಂದಿತು. ಅರಸನ ಹೊನ್ನನ್ನು ಜಂಗಮರಿಗೆ ಸವೆಸುತ್ತಿರುವರೆಂದು ಕೊಂಡೆಯರು ಬಿಜ್ಜಳನ ಕಿವಿಗೆ ಹಾಕಿದರು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಈ ಪ್ರಸಂಗವು ಬಂದಿರುವುದು. ಭಂಡಾರವನ್ನು ತೆರೆದು ಎಣಿಸಲಾಗಿ ಹೊನ್ನು ಕಡಮೆಯಾಗಿರಲಿಲ್ಲ. ಭಕ್ತರು ಇದರಲ್ಲಿ ಪವಾಡವನ್ನು ಕಾಣುವರು. ವ್ಯವಹಾರಸ್ಥನು ಮತ್ತೊಂದನ್ನೂ ಕಾಣಬೇಕು. ದೂರು ಬಂದೊಡನೆ ಅರಸನು ದಂಡಿಸಲಿಲ್ಲ, ಎಣಿಸಿ ನೋಡಿದನು. ಲೆಕ್ಕವಿಡುವುದು ಕಳ್ಳನನ್ನು ಹಿಡಿಯುವುದಕ್ಕೆ ಮಾತ್ರವೆಂದು ತಿಳಿಯುವುದು ಅರ್ಧಜ್ಞಾನ. ಕದಿಯದವನಿಗೆ ಕೊಂಡೆಯರಿಂದ ರಕ್ಷೆಯಾಗುವುದೂ ಲೆಕ್ಕವೇ. ಕಡತವಿಲ್ಲದ ಉಗ್ರಾಣದಲ್ಲಿ ಸಜ್ಜನನೂ ಕಳ್ಳನೂ ಒಂದೇ ಬಣ್ಣದವರಾಗಿ ಕಾಣುವರು.

ಈ ನಾಡಿನ ಹಿರೇಜಂಬೂರಿನ ಸತ್ಯಕ್ಕನವರ ಕಾಯಕವು ಅಂಗಳವನ್ನು ಗುಡಿಸುವುದಾಗಿತ್ತು. ಹಾದಿಯಲ್ಲಿ ಹೊನ್ನು, ವಸ್ತ್ರಗಳು ಬಿದ್ದಿದ್ದರೂ ಮುಟ್ಟೆನೆಂದು ಆ ತಾಯಿ ತಮ್ಮ ವಚನದಲ್ಲಿ ಆಣೆಯಿಟ್ಟಿರುವರು. ಗುಡಿಸುವ ಕೈಗೆ ಬಿದ್ದ ವಸ್ತು ಸಿಕ್ಕುವುದು ಸಹಜವಷ್ಟೆ. ಆದುದರಿಂದಲೇ ಆ ಆಣೆಗೆ ತೂಕವಿದೆ. ಆಯ್ದಕ್ಕಿಯ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಅವರ ಪತ್ನಿ ಲಕ್ಕಮ್ಮನವರು ಮರಳಿ ಸುರಿದು ಬರುವಂತೆ ಹೇಳಿದ ಕಥೆಯನ್ನು ಬಲ್ಲದವರಿಲ್ಲ.

ಆದರೆ ಎಲ್ಲ ಆಳುಗಳೂ ಸತ್ಯಕ್ಕನವರಾಗಲೆಂದು ಬಯಸಿ ಯಜಮಾನನು ಕೈಕಟ್ಟಿ ಕುಳಿತರೆ ಅದು ಭಕ್ತಿಯಲ್ಲ, ಆಲಸ್ಯ. ಗಿರಣಿಯ ನೆಲಕ್ಕೆ ಉದುರಿದ ಅಕ್ಕಿ ಯಾರದು? ಹರಿದ ಚೀಲ, ತೌಡು, ಅಡಿಕೆ ಸುಲಿದ ಸಿಪ್ಪೆ ಯಾರವು? ಇದನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳದ ಯಜಮಾನರು ಬಹಳ. ಒಂದು ವರ್ಷ ಕಂಡೂ ಕಾಣದಂತಿದ್ದು, ಮರುವರ್ಷ ಕೋಪ ಬಂದ ದಿನ ಅದನ್ನೇ ಕಳವೆಂದು ಕೂಗುವುದು ನ್ಯಾಯವಲ್ಲ. ಉದುರಿದುದು ಆಳಿಗೆ ಸಲ್ಲುವುದಾದರೆ ಸಲ್ಲಲಿ, ಸಲ್ಲದಾದರೆ ಇಲ್ಲವೆನ್ನಲಿ. ಮಾತು ಮಾತ್ರ ಮೊದಲೇ ಆಗಿರಬೇಕು. ಇಲ್ಲವಾದರೆ ಇಂದು ಉದುರಿದುದನ್ನು ಒಯ್ದವನು ನಾಳೆ ಉದುರಿಸಿ ಒಯ್ಯುವನು.

ಕಳವಲ್ಲದುದನ್ನು ಕಳವೆಂದು ಎಣಿಸುವುದು ಇನ್ನೊಂದು ತಪ್ಪು. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ತೂಕವು ಬಹಳವಾಗಿ ಇಳಿಯುವುದು. ಭತ್ತವೂ ಕಣಜದಲ್ಲಿ ತೇವವನ್ನು ಕಳೆದುಕೊಳ್ಳುವುದು. ತಳಿಯನ್ನೂ ತೇವವನ್ನೂ ಅನುಸರಿಸಿ 100 ಕಿಲೋ ಭತ್ತಕ್ಕೆ 60ರಿಂದ 70 ಕಿಲೋ ಅಕ್ಕಿ ಬರುವುದು ವಾಡಿಕೆ. ಇಲಿ ಹೆಗ್ಗಣಗಳ ಪಾಲು ಬೇರೆ. ಒಳಕ್ಕೆ ಬಂದಾಗಲೂ ಒಣಗಿದ ಮೇಲೂ ಹೊರಕ್ಕೆ ಹೋಗುವಾಗಲೂ ತೂಗಿ ಬರೆದಿಡದವನಿಗೆ ಬಿಸಿಲು ಒಯ್ದುದೆಷ್ಟು, ಕೈ ಒಯ್ದುದೆಷ್ಟು ಎಂಬುದು ಹೇಗೆ ತಿಳಿಯಬೇಕು?

ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ಹಣವನ್ನು ಅಪಹರಿಸುವ 40 ವಿಧಗಳ ಪಟ್ಟಿಯಿರುವುದು. ಬಂದುದನ್ನು ತಡವಾಗಿ ಬರೆಯುವುದು, ಒಬ್ಬನು ಕೊಟ್ಟುದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ಅಳತೆಯಲ್ಲಿ ತೂಕದಲ್ಲಿ ಮೋಸ ಮಾಡುವುದು ಮುಂತಾದುವೆಲ್ಲ ಅಲ್ಲಿವೆ. ಅವನು ಹೇಳುವ ಉಪಾಯವೂ ಸರಳವಾದುದೇ: ಒಂದು ಇಲಾಖೆಗೆ ಒಬ್ಬನೇ ಮುಖ್ಯನಿರಬಾರದು, ಒಬ್ಬನೇ ಅಲ್ಲಿ ಬಹುಕಾಲ ಬೇರೂರಬಾರದು. ಮಠದ ಉಗ್ರಾಣಕ್ಕೆ ಇದನ್ನು ಅನ್ವಯಿಸಿದರೆ, ಬೀಗದ ಕೈಯುಳ್ಳವನು ಕಡತವನ್ನು ಬರೆಯಬಾರದು. ಕಡತವನ್ನು ಬರೆಯುವವನು ತಕ್ಕಡಿಯನ್ನು ಹಿಡಿಯಬಾರದು. ದಿನದ ಲೆಕ್ಕವು ಆ ದಿನವೇ ಮುಗಿಯಬೇಕು. ತಿಂಗಳಿಗೊಮ್ಮೆ ಮುನ್ಸೂಚನೆಯಿಲ್ಲದೆ ದಾಸ್ತಾನನ್ನು ತೂಗಬೇಕು. ಯಜಮಾನನ ಸ್ವಂತ ಮಗನು ಕಾಯುವ ಕೊಠಡಿಯನ್ನೂ ಹಾಗೆಯೇ ತೂಗಬೇಕು. ಇದು ಅನೇಕರಿಗೆ ರುಚಿಸದು. ಆದರೆ ಬಂಧುವನ್ನು ಬಿಟ್ಟು ಆಳನ್ನು ಮಾತ್ರ ಪರೀಕ್ಷಿಸುವಲ್ಲಿ ಪರೀಕ್ಷೆಯೇ ಅಪಮಾನವಾಗುವುದು.

ಅದೇ ಕೌಟಿಲ್ಯನು ಅಧಿಕಾರಿಗಳಿಗೆ ಆಸೆಯೂ ಅಸಮಾಧಾನವೂ ಹುಟ್ಟದಷ್ಟು ಸಂಬಳವನ್ನು ಕೊಡಬೇಕೆಂದೂ ವಿಧಿಸಿರುವನು. ಕೂಲಿಯನ್ನು ತಿಂಗಳುಗಟ್ಟಲೆ ತಡೆಹಿಡಿದು, ಮನೆಯಲ್ಲಿ ಕಾಯಿಲೆಯೆಂದು ಮುಂಗಡ ಕೇಳಿದವನನ್ನು ಬರಿಗೈಯಲ್ಲಿ ಕಳುಹಿ, ಆ ಮೇಲೆ ಕೊಠಡಿಗೆ ಎರಡನೆಯ ಬೀಗವನ್ನು ತರುವುದು ವ್ಯರ್ಥವ್ಯಯ.

ಇಷ್ಟಾದರೂ ಕಳವಾದರೆ? ಸಂಶಯಪಟ್ಟು ಎಲ್ಲರ ಸಂಬಳದಲ್ಲಿ ಸಮವಾಗಿ ಮುರಿದುಕೊಳ್ಳುವ ಪದ್ಧತಿ ಕೆಲವೆಡೆಗಳಲ್ಲಿ ಉಂಟು, ಅದು ಸಲ್ಲದು. ತಪ್ಪು ಮಾಡಿದವನ ಮಾತನ್ನು ಕೇಳದೆ ನಷ್ಟವನ್ನು ಕೂಲಿಯಲ್ಲಿ ಹಿಡಿಯಬಾರದೆಂದು 1936ರ ವೇತನ ಪಾವತಿ ಕಾಯಿದೆಯೇ ನಿಯಮಿಸಿತ್ತು. ಕಟ್ಟಿಹಾಕಿ ಹೊಡೆಯುವುದಂತೂ ಯಜಮಾನನನ್ನೇ ಅಪರಾಧಿಯನ್ನಾಗಿಸುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 306ನೆಯ ಕಲಮಿನಂತೆ, ಗುಮಾಸ್ತನಾಗಲಿ ಆಳಾಗಲಿ ಯಜಮಾನನ ಸ್ವತ್ತನ್ನು ಕದ್ದರೆ 7 ವರ್ಷಗಳವರೆಗೆ ಸೆರೆಯಾಗಬಹುದು. ಇಷ್ಟು ಭಾರವಾದ ಆರೋಪವನ್ನು ಹೊರಿಸುವ ಮುನ್ನ ಇಬ್ಬರು ಸಾಕ್ಷಿಗಳನ್ನಿಟ್ಟುಕೊಂಡು ಆರೋಪಿತನ ಎದುರಿನಲ್ಲಿಯೇ ದಾಸ್ತಾನನ್ನು ತೂಗಿ, ಕಡತದೊಡನೆ ಹೋಲಿಸಿ, ಅವನು ಹೇಳುವುದನ್ನು ಬರೆದುಕೊಳ್ಳತಕ್ಕದ್ದು. ಲೆಕ್ಕವು ಸರಿಬಂದರೆ, ಸಂಶಯವು ಎಷ್ಟು ಜನರ ಕಿವಿಗೆ ಬಿದ್ದಿತ್ತೋ ಅಷ್ಟು ಜನರ ಎದುರಿಗೆ ಅವನು ನಿರ್ದೋಷಿಯೆಂದು ಯಜಮಾನನು ಬಾಯಿಬಿಟ್ಟು ಹೇಳತಕ್ಕದ್ದು.