ಅಡುಗೆಮನೆಯ ತುಂಡು, ಹಿತ್ತಲಿನ ಸೊಪ್ಪು

(ಹರಿಹರ ತಾಲ್ಲೂಕು ಭಾನುವಳ್ಳಿಯ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಿಮಗೆ ಬೇಸಾಯ ಕಲಿಸುವ ಯೋಗ್ಯತೆ ವೈದ್ಯನಿಗಿಲ್ಲ. ಆದರೆ ಗದ್ದೆಯೆಲ್ಲ ಹಸಿರಾಗಿದ್ದರೂ ಗರ್ಭಿಣಿಯ ತಟ್ಟೆಯಲ್ಲಿ ಹಸಿರು ಕಾಣದಿರುವುದು ವೈದ್ಯನಿಗೆ ಸೇರಿದ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರ ಪೈಕಿ ಶೇಕಡ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಮಗು ಕಡಿಮೆ ತೂಕದ್ದಾಗಿ ಹುಟ್ಟುವ ಸಂಭವವೂ ಉಂಟು.

ಸೊಪ್ಪನ್ನು ದಿನವೂ ಕೊಳ್ಳಬೇಕಾಗಿಲ್ಲ. ನೀವು ತಿಪ್ಪೆಗೆ ಎಸೆಯುವುದರಲ್ಲಿಯೇ ಅದರ ಬೀಜವಿದೆ. ಬಸಳೆಯ ಎಲೆ ಬಿಡಿಸಿಕೊಂಡ ಮೇಲೆ ಉಳಿಯುವ ಬಲಿತ ಕಾಂಡವನ್ನು ಗೇಣುದ್ದ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಇರುವಂತೆ ನೆಡಿರಿ. ಬಚ್ಚಲ ನೀರು ಹರಿದುಹೋಗುವ ಜಾಗವೇ ಸಾಕು. ಕೆಲವೇ ವಾರಗಳಲ್ಲಿ ಚಿಗುರು ಬರುತ್ತದೆ. ಒಂದು ಚಪ್ಪರ ಕಟ್ಟಿಕೊಟ್ಟರೆ ಬಹುಕಾಲ ಕೊಯ್ಯಬಹುದು. ಪುದೀನ ಮತ್ತು ಹೊನಗೊನ್ನೆಯ ಕಡ್ಡಿಗಳೂ ಹೀಗೆಯೇ ಬೇರು ಬಿಡುತ್ತವೆ. ಮೊಳಕೆಯೊಡೆದ ಈರುಳ್ಳಿಯನ್ನು ಮಣ್ಣಿಗಿಟ್ಟರೆ ಹಸಿರು ಗರಿ ದೊರೆಯುತ್ತದೆ. ಸಾಂಬಾರ ಡಬ್ಬಿಯ ಒಂದು ಹಿಡಿ ಮೆಂತ್ಯ ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಕಾಯಿ ಮುಗಿದ ಮೇಲೆ ಕಡಿಯುವ ನುಗ್ಗೆಯ ಕೊಂಬೆಯನ್ನು ಒಲೆಗೆ ಹಾಕದೆ ಹಿತ್ತಲ ಮೂಲೆಯಲ್ಲಿ ನೆಡಿರಿ.

ಗಜ್ಜರಿಯ ತಲೆಯನ್ನು ನೀರಿನಲ್ಲಿಟ್ಟರೆ ಗಜ್ಜರಿ ಬೆಳೆಯುತ್ತದೆಂದು ಕೆಲವರು ಹೇಳುವುದುಂಟು. ಇದು ನಿಜವಲ್ಲ, ಎಲೆ ಬರುತ್ತದೆ, ಗಡ್ಡೆ ಬರುವುದಿಲ್ಲ. ಆಲೂಗಡ್ಡೆಯ ಮೊಳಕೆಯನ್ನು ನೆಡಬಹುದು, ಆದರೆ ಅದರ ಎಲೆ ಮತ್ತು ಹಸಿರು ತಿರುಗಿದ ಗಡ್ಡೆ ವಿಷ. ಅವುಗಳನ್ನು ಸೊಪ್ಪೆಂದು ಬೇಯಿಸಬಾರದು.

ನೀರಿನ ಲೋಟದಲ್ಲಿ ಕಡ್ಡಿ ಇಟ್ಟವರು ಎರಡು ದಿನಕ್ಕೊಮ್ಮೆ ನೀರನ್ನು ಚೆಲ್ಲಿ ಲೋಟವನ್ನು ಉಜ್ಜತಕ್ಕದ್ದು; ಡೆಂಗಿ ಜ್ವರ ಹರಡುವ ಸೊಳ್ಳೆ ಅಂತಹ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಬಚ್ಚಲ ನೀರು ಕೊಚ್ಚೆಯಾಗಿ ನಿಲ್ಲಬಾರದು. ಬಯಲಿಗೆ ಹೋಗುವ ಅಭ್ಯಾಸವಿರುವಲ್ಲಿ ಒದ್ದೆ ಮಣ್ಣಿನ ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಸೇರಿ, ಕರುಳಿನಲ್ಲಿ ನೆಲೆಸಿ ರಕ್ತವನ್ನು ಹೀರುತ್ತದೆ. ರಕ್ತಕ್ಕೆಂದು ಸೊಪ್ಪು ಬೆಳೆಯಲು ಹೋಗಿ ರಕ್ತವನ್ನೇ ಕಳೆದುಕೊಳ್ಳುವುದೇಕೆ? ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಇಳಿಯಿರಿ. ಭತ್ತಕ್ಕೆ ಹೊಡೆದ ಔಷಧಿಯ ಖಾಲಿ ಡಬ್ಬಿಯಲ್ಲಿ, ಎಷ್ಟು ಸಲ ತೊಳೆದಿದ್ದರೂ, ಏನನ್ನೂ ಬೆಳೆಯಬೇಡಿ.

ಇನ್ನು ಗಂಡಂದಿರಿಗೆ ಒಂದು ಮಾತು. ಮಡಿ ಅಗೆಯುವುದು, ಕೋಳಿ ಮೇಕೆ ನುಗ್ಗದಂತೆ ಬೇಲಿ ಕಟ್ಟುವುದು ನಿಮ್ಮ ಪಾಲಿನ ಕೆಲಸ. ಅದಕ್ಕಿಂತ ಮುಖ್ಯವಾದುದು ಊಟದ ಹೊತ್ತಿನದು. ಗಂಡಸರು, ಮಕ್ಕಳು, ಅತ್ತೆ ಮಾವಂದಿರು ಉಂಡೆದ್ದ ಮೇಲೆ ಸೊಸೆ ಕೂರುವ ಮನೆಯಲ್ಲಿ ಅವಳಿಗೆ ಪಾತ್ರೆಯ ತಳದಲ್ಲಿ ಉಳಿದ ಸಾರು ಮಾತ್ರ. ಹಿತ್ತಲಲ್ಲಿ ಎಷ್ಟು ಬೆಳೆದರೂ ಅವಳ ರಕ್ತ ಏರುವುದಿಲ್ಲ. ಪಲ್ಯ ಒಲೆಯಿಂದ ಇಳಿದೊಡನೆ ಅವಳ ಪಾಲನ್ನು ತೆಗೆದಿರಿಸಿ, ಇಲ್ಲವೇ ಜೊತೆಯಲ್ಲಿ ಕುಳಿತು ಉಣ್ಣಿರಿ. ಪಲ್ಯದ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದೊಡನೆ ಚಹಾ ಕುಡಿದರೆ ಅದಕ್ಕೆ ತಡೆ.

ಸೊಪ್ಪಿದೆಯೆಂದು ಮಾತ್ರೆಯನ್ನು ಬಿಡಬೇಡಿ. ಸೊಪ್ಪಿನ ಕಬ್ಬಿಣಾಂಶದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು. ಮಲ ಕಪ್ಪಾದರೆ ಹೆದರುವುದು ಬೇಡ. ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ಮಾತ್ರೆಯ ಪ್ರಮಾಣವನ್ನು ವೈದ್ಯರು ತಿಳಿಸುತ್ತಾರೆ. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡನ್ನು ಮರೆಯದೆ ತನ್ನಿರಿ. ಗಂಡನೂ ಜೊತೆಯಲ್ಲಿ ಬರತಕ್ಕದ್ದು.