ಕಡಲತೀರದ ಪ್ರಶ್ನೆ, ಸದನದ ಉತ್ತರ

(ಮುರ್ಡೇಶ್ವರದಲ್ಲಿ ನೀಡಿದ ದತ್ತಿ ಉಪನ್ಯಾಸ)



ಶಾಸಕರು ಸದನದಲ್ಲಿ ಮಂತ್ರಿಗಳಿಗೆ ಕೇಳುವ ಪ್ರಶ್ನೆ ಇಂದಿನ ನನ್ನ ವಿಷಯ. ಅಧಿವೇಶನ ಎಂದೊಡನೆ ಟಿ.ವಿ.ಯಲ್ಲಿ ಕಂಡ ಗದ್ದಲ, ಧರಣಿ, ಸಭಾತ್ಯಾಗ ನೆನಪಾಗುತ್ತವೆ. ಅದೇ ಸದನದಲ್ಲಿ ಪ್ರಶ್ನೋತ್ತರ ಅವಧಿ ಎಂಬುದೊಂದಿದೆ. ಅಷ್ಟು ಹೊತ್ತು ಸರ್ಕಾರ ಕಟಕಟೆಯಲ್ಲಿ ನಿಂತಿರುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಶಾಸಕರ ಹೆಸರಿನಲ್ಲಿ ಅಚ್ಚಾದರೂ ಅದು ಊರಿನ ಸೊತ್ತು. ಊರಿನವರು ವಿವರ ಒದಗಿಸಿ, ಬಂದ ಉತ್ತರ ಓದಿ, ಹಣ ಖರ್ಚಾಗುವವರೆಗೂ ಬೆನ್ನು ಹತ್ತಿದರೆ ಮಾತ್ರ ಅದಕ್ಕೆ ಬಲ. ಈ ಒಂದು ಮಾತನ್ನು ನಿಮಗೆ ಮನವರಿಕೆ ಮಾಡಿಕೊಡಲು ಬಂದಿದ್ದೇನೆ.

ಹಕ್ಕು ಬಂದ ದಾರಿ

ಪ್ರಶ್ನೆ ಕೇಳುವ ಹಕ್ಕು ಒಮ್ಮೆಗೇ ಸಿಕ್ಕಿದ್ದಲ್ಲ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಅಲ್ಲಿನ ಶಾಸನ ಪರಿಷತ್ತಿನ ಸದಸ್ಯರಿಗೆ ಸರ್ಕಾರವನ್ನು ಪ್ರಶ್ನಿಸುವ ಅಧಿಕಾರವೇ ಇರಲಿಲ್ಲ. 1892ರ ಕಾಯ್ದೆ ಪ್ರಶ್ನೆಗೆ ಬಾಗಿಲು ತೆರೆಯಿತು, ಆದರೆ ಉತ್ತರ ಬಂದ ಮೇಲೆ ಬಾಯಿ ಬಿಡುವಂತಿರಲಿಲ್ಲ. 1909ರಲ್ಲಿ ಪ್ರಶ್ನೆ ಕೇಳಿದವರಿಗೆ ಉಪಪ್ರಶ್ನೆಯ ಅವಕಾಶ ಬಂತು. ಅದು ಉಳಿದ ಸದಸ್ಯರಿಗೂ ದಕ್ಕಿದ್ದು 1919ರ ಸುಧಾರಣೆಯ ನಂತರ. ಇಂದು ಸಂವಿಧಾನದ 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಇಡಿಯಾಗಿ ವಿಧಾನಸಭೆಗೆ ಹೊಣೆ. ಆ ಹೊಣೆಯನ್ನು ದಿನನಿತ್ಯ ನೆನಪಿಸುವ ಸಾಧನ ಪ್ರಶ್ನೆ.

ಸ್ವತಂತ್ರ ಭಾರತದಲ್ಲಿ ಪ್ರಶ್ನೆಯ ಶಕ್ತಿ ತೋರಿಸಿದವರಲ್ಲಿ ಫಿರೋಜ್ ಗಾಂಧಿ ಮುಖ್ಯರು. ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿತ್ತು. 1957ರ ಸೆಪ್ಟೆಂಬರಿನಲ್ಲಿ ರಾಮ್ ಸುಭಗ್ ಸಿಂಗ್ ಇದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎತ್ತಿದರು. ಬಂದ ಉತ್ತರ ಸಮಾಧಾನ ತರಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿ ದಾಖಲೆ ಸಮೇತ ವಿಷಯವನ್ನು ಸದನದ ಮುಂದಿಟ್ಟರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು, 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಎತ್ತಿದ ಈ ಇಬ್ಬರೂ ಆಡಳಿತ ಪಕ್ಷದವರೇ. ಪ್ರಶ್ನೆ ಕೇಳುವುದು ವಿರೋಧ ಪಕ್ಷದ ಕೆಲಸ, ನಮ್ಮವರ ಸರ್ಕಾರವಿದ್ದಾಗ ಸುಮ್ಮನಿರಬೇಕು ಎನ್ನುವವರು ಇದನ್ನು ಮರೆಯಬಾರದು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ ಕಾರಣಕ್ಕೆ ಸಂಸತ್ತಿನ 11 ಸದಸ್ಯರು ಉಚ್ಚಾಟನೆಗೊಂಡರು. ಊರಿನವರು ಪ್ರಶ್ನೆ ಒದಗಿಸದಿದ್ದರೆ ಬೇರೆ ಯಾರೋ ಒದಗಿಸುತ್ತಾರೆ.

ಉತ್ತರದ ಹಾಳೆಯಲ್ಲಿ ಏನಿರುತ್ತದೆ

ನಮ್ಮ ವಿಧಾನಸಭೆಯ ಪ್ರಶ್ನೆಗಳಲ್ಲಿ ಚುಕ್ಕೆ ಗುರುತಿನವು, ಚುಕ್ಕೆ ಗುರುತಿಲ್ಲದವು ಎಂದು ಎರಡು ಬಗೆ. ಮೊದಲನೆಯದಕ್ಕೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಎರಡನೆಯದಕ್ಕೆ ಲಿಖಿತ ಉತ್ತರ ಸಾಕು. ಹಾಳೆಯ ಮೇಲುಭಾಗದಲ್ಲಿ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು ಎಂದಿರುತ್ತದೆ. ಕೆಳಗೆ ಎರಡು ಅಂಕಣ. ಎಡಕ್ಕೆ ಅ, ಆ, ಇ, ಈ ಎಂದು ಬಿಡಿಸಿದ ಪ್ರಶ್ನೆ, ಬಲಕ್ಕೆ ಉತ್ತರ.

ಒಂದು ಪ್ರಶ್ನೆಯನ್ನು ಎರಡು ರೀತಿಯಲ್ಲಿ ಬರೆದು ನೋಡೋಣ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನಮ್ಮ ಇದೇ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಅದರ ಹಿಂದಿನ ದಿನವಷ್ಟೇ ಆರಂಭವಾಗಿತ್ತು. ಆ ಮಕ್ಕಳ ಸಾವು ಈ ಊರಿನ ಎದೆಯ ಮೇಲಿನ ಭಾರ.

"ಕಡಲತೀರಗಳಲ್ಲಿ ಪ್ರವಾಸಿಗರು ಸಾವಿಗೀಡಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ ಬಲಗಡೆ "ಬಂದಿದೆ" ಎಂದಿರುತ್ತದೆ. "ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಎಂದರೆ "ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ". ಅಲ್ಲಿಗೆ ಮುಗಿಯಿತು.

ಅದನ್ನೇ ಹೀಗೆ ಕೇಳಬಹುದು. (ಅ) ಮುರ್ಡೇಶ್ವರ ಕಡಲತೀರಕ್ಕೆ ಮಂಜೂರಾದ ಜೀವರಕ್ಷಕರ ಸಂಖ್ಯೆ ಎಷ್ಟು, ಈಗ ಕೆಲಸದಲ್ಲಿರುವವರು ಎಷ್ಟು? (ಆ) ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಇಲ್ಲಿನ ಸುರಕ್ಷತೆಗೆ ಹಂಚಿಕೆಯಾದ, ಬಿಡುಗಡೆಯಾದ, ಖರ್ಚಾದ ಮೊತ್ತ ಎಷ್ಟೆಷ್ಟು? ವರ್ಷವಾರು ವಿವರ ನೀಡುವುದು. (ಇ) ಮಂಜೂರಾದ ರಕ್ಷಣಾ ಸಲಕರಣೆಗಳಲ್ಲಿ ಬಳಕೆಗೆ ಯೋಗ್ಯವಾಗಿರುವವು ಯಾವುವು? (ಈ) ಉಳಿದ ಕೆಲಸ ಮುಗಿಸಲು ನಿಗದಿಯಾದ ಕಾಲಮಿತಿ ಯಾವುದು? ಇದಕ್ಕೆ "ಅಗತ್ಯ ಕ್ರಮ" ಎಂದು ಬರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ಅಂಕಿ ಬರೆಯಲೇಬೇಕು. ಬರೆದ ಅಂಕಿ ಸುಳ್ಳಾದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ.

ಯಾರನ್ನು ಕೇಳಬೇಕು

ಪ್ರಶ್ನೆ ಸರಿಯಾದ ಬಾಗಿಲಿಗೆ ಹೋಗಬೇಕು. ಕಡಲತೀರವನ್ನೇ ನೋಡಿ. ಪ್ರವಾಸಿಗರ ಸೌಕರ್ಯ ಪ್ರವಾಸೋದ್ಯಮ ಇಲಾಖೆಯದು, ಕರಾವಳಿ ಕಾವಲು ಪೊಲೀಸರು ಗೃಹ ಇಲಾಖೆಯವರು, ವಸತಿ ಶಾಲೆಯ ಆಡಳಿತ ಇನ್ನೊಂದು ಇಲಾಖೆಗೆ ಸೇರಿದ್ದು. ಒಬ್ಬರನ್ನು ಕೇಳಿದರೆ ಮತ್ತೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಹಾಗಾಗಿ ಒಂದು ದುರಂತದ ಹಿಂದೆ ಮೂರು ಪ್ರಶ್ನೆ ಹೋಗಬೇಕು.

ರಾಷ್ಟ್ರೀಯ ಹೆದ್ದಾರಿ 66ರ ವಿಷಯ ಇನ್ನೂ ತೊಡಕಿನದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತಾಗ ಬೆಂಗಳೂರಿನಲ್ಲಿ ಅಧಿವೇಶನ ನಡೆಯುತ್ತಿತ್ತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಪರಿಹಾರ, ರಕ್ಷಣಾ ಕಾರ್ಯ ರಾಜ್ಯದ್ದು. ರಸ್ತೆ, ಗುತ್ತಿಗೆ, ಟೋಲ್ ಕೇಂದ್ರದ್ದು. ಗುಡ್ಡವನ್ನು ಯಾವ ಕೋನದಲ್ಲಿ ಕಡಿಯಲು ಒಪ್ಪಿಗೆ ಇತ್ತು, ಪರಿಶೀಲಿಸಿದವರು ಯಾರು ಎಂಬ ಪ್ರಶ್ನೆ ಲೋಕಸಭೆಗೇ ಹೋಗಬೇಕು. ವಿಧಾನಸಭೆಯ ಅಧ್ಯಕ್ಷರಾಗಿ ಪ್ರಶ್ನೋತ್ತರ ನಡೆಸಿಕೊಟ್ಟ ಅನುಭವವಿರುವ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಈಗ ಅಲ್ಲಿ ನಮ್ಮ ಸದಸ್ಯರು. ಆ ಅನುಭವವನ್ನು ಜಿಲ್ಲೆ ಬಳಸಿಕೊಳ್ಳಬೇಕು.

ಆಸ್ಪತ್ರೆಯ ಪ್ರಶ್ನೆ ಮಾತ್ರ ರಾಜ್ಯಕ್ಕೇ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಕಾರವಾರದ ವೈದ್ಯಕೀಯ ಕಾಲೇಜು ಇಲ್ಲಿಂದ ನೂರು ಕಿಲೋಮೀಟರಿಗೂ ದೂರ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ನಮ್ಮ ಜನ ಓಡುತ್ತಲೇ ಇದ್ದಾರೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆ ಅಪಘಾತದ ನಂತರ ಮನೆಮನೆಯಿಂದ ಎದ್ದಿತು. ಕೂಗು ಪ್ರತಿ ಅಧಿವೇಶನದಲ್ಲೂ ಪ್ರಶ್ನೆಯ ರೂಪ ಪಡೆಯಬೇಕು: ಜಾಗ ಯಾವುದು, ಅಂದಾಜು ವೆಚ್ಚ ಎಷ್ಟು, ಆರ್ಥಿಕ ಇಲಾಖೆಯ ಒಪ್ಪಿಗೆ ಸಿಕ್ಕಿತೇ, ಈ ಬಜೆಟ್ಟಿನಲ್ಲಿ ಯಾವ ಲೆಕ್ಕಶೀರ್ಷಿಕೆಯಡಿ ಹಣ ಇಟ್ಟಿದ್ದಾರೆ?

ನಮ್ಮ ಶಾಸಕರೇ ಮಂತ್ರಿಯಾದಾಗ

ಭಟ್ಕಳ ಕ್ಷೇತ್ರದ ಶಾಸಕ ಮಂಕಾಳ ವೈದ್ಯ ಅವರು 2023ರ ಮೇ ತಿಂಗಳಲ್ಲಿ ಮೀನುಗಾರಿಕೆ ಮತ್ತು ಬಂದರು ಸಚಿವರಾದರು, ಜಿಲ್ಲಾ ಉಸ್ತುವಾರಿಯೂ ಅವರಿಗೇ ಬಂತು. ಕ್ಷೇತ್ರಕ್ಕೆ ಇದು ಗೌರವ, ಅನುಕೂಲವೂ ಹೌದು. ಜೊತೆಗೆ ಒಂದು ಕೊರತೆಯೂ ಬರುತ್ತದೆ. ಮಂತ್ರಿಯಾದವರು ಸದನದಲ್ಲಿ ಉತ್ತರಿಸುವವರ ಸಾಲಿನಲ್ಲಿರುತ್ತಾರೆ, ಕೇಳುವವರ ಸಾಲಿನಲ್ಲಲ್ಲ. ಅವರು ಮಂತ್ರಿಯಾಗಿರುವವರೆಗೆ ಕ್ಷೇತ್ರದ ಪ್ರಶ್ನೆ ಕೇಳುವ ಸ್ವಂತ ದನಿ ವಿಧಾನಸಭೆಯಲ್ಲಿ ಇರುವುದಿಲ್ಲ. ಯಾವ ಪಕ್ಷದ ಮಂತ್ರಿಯಾದರೂ ಈ ಮಾತು ಅನ್ವಯಿಸುತ್ತದೆ.

ಅಂಥ ಹೊತ್ತಿನಲ್ಲಿ ಕುಮಟಾ, ಕಾರವಾರ, ಶಿರಸಿಯ ಶಾಸಕರ ಬಳಿ, ವಿಧಾನ ಪರಿಷತ್ತಿನ ಸದಸ್ಯರ ಬಳಿ ಹೋಗಬೇಕು. ಹೊನ್ನಾವರ ತಾಲೂಕು ಎರಡು ಕ್ಷೇತ್ರಗಳಿಗೆ ಹಂಚಿಹೋಗಿದೆ. ಶರಾವತಿ, ಹೆದ್ದಾರಿ, ಬಂದರು, ಮೀನುಗಾರರ ಬದುಕು ಕ್ಷೇತ್ರದ ಗಡಿಯಲ್ಲಿ ನಿಲ್ಲುವಂಥವಲ್ಲ. ಮಂತ್ರಿಗಳಿಗೂ ಇದರಿಂದ ಬಲವೇ: ಸದನದಲ್ಲಿ ಪ್ರಶ್ನೆ ಬಂದ ಕಡತಕ್ಕೆ ಕಚೇರಿಯಲ್ಲಿ ಕಾಲು ಬರುತ್ತದೆ.

ಪ್ರತಿನಿಧಿ ಹೇಗಿರಬೇಕು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1967ರಲ್ಲಿ ನಮ್ಮ ಕೆನರಾ ಕ್ಷೇತ್ರ ಪಕ್ಷೇತರರಾಗಿ ನಿಂತ ದಿನಕರ ದೇಸಾಯಿಯವರನ್ನು ಲೋಕಸಭೆಗೆ ಕಳಿಸಿತು. ಗೇಣಿದಾರರ ಪರ ಹೋರಾಡಿ ಜಿಲ್ಲೆಯಿಂದ ಗಡಿಪಾರಾದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಶಾಲೆ ತಂದವರು, 'ಜನಸೇವಕ' ಪತ್ರಿಕೆ ನಡೆಸಿದವರು. ಚುನಾವಣೆಗೆ ನಿಲ್ಲುವ ಮೊದಲೇ ಜನರ ಅಹವಾಲು ಅವರ ಬಳಿ ಇತ್ತು. ಪ್ರತಿನಿಧಿಯಿಂದ ನಾವು ಅಪೇಕ್ಷಿಸಬೇಕಾದ ಸಿದ್ಧತೆ ಇದು.

ಖರ್ಚಿನ ಕೊನೆಯವರೆಗೆ

ಬಜೆಟ್ಟಿನಲ್ಲಿ ಘೋಷಣೆಯಾದ ಹಣ ಖರ್ಚಾದ ಹಣವಲ್ಲ. ಘೋಷಣೆ, ಮಂಜೂರಾತಿ, ಬಿಡುಗಡೆ, ವೆಚ್ಚ ಎಂಬ ಮೆಟ್ಟಿಲುಗಳಲ್ಲಿ ಎಲ್ಲಿ ಬೇಕಾದರೂ ಅದು ನಿಂತುಬಿಡಬಹುದು. ಇಲಾಖಾವಾರು ಬೇಡಿಕೆಗಳ ಚರ್ಚೆಯಲ್ಲಿ ಶಾಸಕರು ಕಡಿತ ಸೂಚನೆ ತರಬಹುದು. ಖರ್ಚಾದ ಮೇಲೆ ಮಹಾಲೆಕ್ಕ ಪರಿಶೋಧಕರ ವರದಿ 151ನೇ ವಿಧಿಯ ಪ್ರಕಾರ ಸದನಕ್ಕೆ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಮಂತ್ರಿ ಸದನದಲ್ಲಿ "ಮಾಡುತ್ತೇವೆ" ಎಂದರೆ ಆ ಮಾತನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿ ಇದೆ.

ಇಷ್ಟೆಲ್ಲ ಇದ್ದರೂ ಸದನ ಸೇರದಿದ್ದರೆ ಏನು ಪ್ರಯೋಜನ? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲ. ಗದ್ದಲದಲ್ಲಿ ಪ್ರಶ್ನೋತ್ತರ ಕೊಚ್ಚಿಹೋದ ದಿನ ನಷ್ಟ ಸರ್ಕಾರಕ್ಕಲ್ಲ, ನಮಗೆ.

ನಾವು ಮಾಡಬೇಕಾದದ್ದು

ಊರಿನ ಗ್ರಾಮಸಭೆಯಲ್ಲಿ, ಮೀನುಗಾರರ ಸಂಘದಲ್ಲಿ, ಕಾಲೇಜಿನ ರಾಜ್ಯಶಾಸ್ತ್ರ ವಿಭಾಗದಲ್ಲಿ ಕೂತು ಪ್ರಶ್ನೆಗಳನ್ನು ಬರೆಯೋಣ. ಬೇಕಾದ ಅಂಕಿಯನ್ನು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಮೊದಲೇ ಪಡೆದಿಟ್ಟುಕೊಳ್ಳೋಣ. ಪ್ರಶ್ನೆಗೆ ಮುಂಗಡ ಸೂಚನೆ ಕೊಡಬೇಕಾದ್ದರಿಂದ ಅಧಿವೇಶನ ಆರಂಭವಾಗುವ ಸಾಕಷ್ಟು ದಿನ ಮೊದಲೇ ಶಾಸಕರ ಕೈಗೆ ತಲುಪಿಸೋಣ. ಉತ್ತರ ಬಂದ ಮೇಲೆ ಅದನ್ನು ಸದನದ ಜಾಲತಾಣದಿಂದ ತೆಗೆದು ಪಂಚಾಯತಿಯ ಸೂಚನಾ ಫಲಕಕ್ಕೆ ಅಂಟಿಸೋಣ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೇಳಿಸೋಣ, ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದೋಣ. ಮತ ಕೇಳಲು ಬಂದ ಅಭ್ಯರ್ಥಿಯನ್ನು ಎಷ್ಟು ಕಾಮಗಾರಿ ತಂದಿರಿ ಎಂದು ಕೇಳುವ ನಾವು, ಸದನದಲ್ಲಿ ನಮ್ಮ ಪರವಾಗಿ ಏನು ಕೇಳಿದಿರಿ, ಏನು ಉತ್ತರ ಬಂತು ಎಂದೂ ಕೇಳಬೇಕು. ಮೊದಲ ಪ್ರಶ್ನೆಯಾಗಿ ಜೀವರಕ್ಷಕರ ಲೆಕ್ಕವನ್ನೇ ಕಳಿಸೋಣ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಬೇರೆ ಜಿಲ್ಲೆಯ ಹೆತ್ತವರು ಮಕ್ಕಳನ್ನು ನಮ್ಮ ಊರಿಗೆ ನಂಬಿ ಕಳಿಸುತ್ತಾರೆ. ಆ ನಂಬಿಕೆಗೆ ಸರ್ಕಾರದಿಂದ ಉತ್ತರ ಪಡೆದುಕೊಡುವ ಹೊಣೆ ನಮ್ಮದು.